ಕೌದಿ ಆಯಿ ಸೂಜಿ ಇಟ್ಟ ದಿನ

ಹೊಳೆ ಬರುತ್ತದೋ ಇಲ್ಲವೋ ಎಂದು ತಿಳಿಯಬೇಕಾದರೆ ನಮ್ಮ ಓಣಿಯ ಮಂದಿ ಹೊಳೆಯ ಕಡೆ ನೋಡುತ್ತಿರಲಿಲ್ಲ, ಕೌದಿ ಆಯಿಯ ಕೈ ನೋಡುತ್ತಿದ್ದರು. ಆಕೆ ತನ್ನ ಮನೆಯ ಮುಂದಿನ ಕಟ್ಟೆಯ ಮೇಲೆ ಕಾಲು ಚಾಚಿ ಕುಳಿತು ಕೌದಿ ಹೊಲಿಯುತ್ತಿದ್ದಾಳೆಂದರೆ ಹೆದರಬೇಕಾಗಿಲ್ಲ ಎಂದು ಅರ್ಥ. ಮೈಕಿನ ಗಾಡಿ ಓಣಿಯ ತುದಿಯಲ್ಲಿ ನಿಂತು ಗಂಟಲು ಹರಿಯುವ ಹಾಗೆ ಕೂಗಲಿ, ಮೊಬೈಲಿನಲ್ಲಿ ಸಂದೇಶದ ಮೇಲೆ ಸಂದೇಶ ಬರಲಿ, "ಆಯಿ ಇನ್ನಾ ಸೂಜಿ ಇಟ್ಟಿಲ್ಲ" ಎಂದು ಯಾರಾದರೊಬ್ಬರು ಅಂದರೆ ಮುಗಿಯಿತು. ನಾನು ಮಕ್ಕಳಿಗೆ ವಿಜ್ಞಾನ ಕಲಿಸುವ ಮಾಸ್ತರ. ಇಂಥ ಮಾತು ಕೇಳಿದರೆ ಮೈಯೆಲ್ಲ ಉರಿಯುತ್ತಿತ್ತು. ಅಣೆಕಟ್ಟಿನ ಗೇಟಿಗೂ ಮುದುಕಿಯ ಸೂಜಿಗೂ ಏನು ಸಂಬಂಧ ಎಂದು ಎಷ್ಟು ಸಲ ಜಗಳ ತೆಗೆದಿದ್ದೇನೋ ಲೆಕ್ಕವಿಲ್ಲ.

ಆಕೆ ತೀರಿಕೊಂಡು ಈಗ ಐದು ತಿಂಗಳಾಯಿತು. ಹೆಸರು ಬರೆಯುವುದಿಲ್ಲ. ಓಣಿಯಲ್ಲಿ ಅರ್ಧ ಜನಕ್ಕೆ ಆಕೆಯ ಹೆಸರು ಗೊತ್ತೂ ಇರಲಿಲ್ಲ. ಹಿಂದೂಗಳಿಗೂ ಮುಸಲ್ಮಾನರಿಗೂ, ಸಣ್ಣವರಿಗೂ ದೊಡ್ಡವರಿಗೂ ಆಕೆ ಆಯಿಯೇ. ಗಂಡ ಹತ್ತಿ ಪಿಂಜಿ ಗಾದಿ ತುಂಬುವವನಾಗಿದ್ದ. ನಾನು ಮನೋಳಿಗೆ ವರ್ಗವಾಗಿ ಬಂದು ಆಕೆಯ ಪಕ್ಕದ ಮನೆ ಬಾಡಿಗೆ ಹಿಡಿಯುವ ಹೊತ್ತಿಗೆ ಅವನು ಹೋಗಿಬಿಟ್ಟಿದ್ದ. ಅವನ ಹತ್ತಿ ಪಿಂಜುವ ಬಿಲ್ಲು ಮಾತ್ರ ಪಡಸಾಲೆಯ ಗೋಡೆಗೆ ತೂಗುಹಾಕಿತ್ತು. ಒಬ್ಬ ಮಗ, ಬೈಲಹೊಂಗಲದ ಮಾರ್ಕೆಟ್ಟಿಗೆ ಮಾಲು ಹೊಡೆಯುವ ಗಾಡಿಯ ಡ್ರೈವರ್. ಒಬ್ಬ ಸೊಸೆ. ಇಷ್ಟೇ ಆಕೆಯ ಸಂಸಾರ ಎಂದು ನಾನು ತಿಳಿದಿದ್ದೆ.

ನಮ್ಮ ಓಣಿ ಊರಿನಲ್ಲಿ ಎಲ್ಲಕ್ಕಿಂತ ತಗ್ಗಿನದು. ಕೊನೆಯ ಮನೆಯ ಹಿತ್ತಲು ದಾಟಿದರೆ ಮಲಪ್ರಭೆ. ಮೇಲೆ ಅಣೆಕಟ್ಟು. ಅಲ್ಲಿ ಗೇಟು ಎತ್ತಿದರೆ ಇಲ್ಲಿ ನಮ್ಮ ಹೊಸ್ತಿಲು ಹಸಿಯಾಗುತ್ತದೋ ಇಲ್ಲವೋ ಎಂಬುದು ಮಳೆಗಾಲದ ನಿತ್ಯದ ಮಾತು.

ಕೌದಿ ಎಂದರೆ ಈಗಿನವರು ಬಣ್ಣಬಣ್ಣದ ತುಂಡು ಕೂಡಿಸಿದ ಹೊದಿಕೆ ಎಂದುಕೊಳ್ಳುತ್ತಾರೆ. ಆಯಿಯ ಹತ್ತಿರ ಬರುತ್ತಿದ್ದ ಕೌದಿಗಳು ಬೇರೆ. ಮನೆಯಲ್ಲಿ ಹಿರಿಯರು ತೀರಿಕೊಂಡ ಮೇಲೆ ಅವರ ಸೀರೆ, ಧೋತರ, ಅಂಗಿಗಳನ್ನು ಗಂಟು ಕಟ್ಟಿ ತಂದು ಕೊಡುತ್ತಿದ್ದರು. ಸವದತ್ತಿ, ಮುರಗೋಡ, ರಾಮದುರ್ಗ, ಕಿತ್ತೂರು, ಎಲ್ಲೆಲ್ಲಿಂದಲೋ ಬರುತ್ತಿದ್ದವು. ಆಕೆ ಏನನ್ನೂ ಬರೆದಿಡುತ್ತಿರಲಿಲ್ಲ, ಬರೆಯಲು ಬರುತ್ತಲೂ ಇರಲಿಲ್ಲ. ಒಬ್ಬೊಬ್ಬರು ಗಂಟು ಹಾಕುವ ರೀತಿ ಒಂದೊಂದು, ಆ ಗಂಟು ನೋಡಿಯೇ ಯಾರ ಮನೆಯದೆಂದು ಹೇಳುತ್ತಿದ್ದಳು. ಅವರ ಪಾಳಿ ಬರುವವರೆಗೆ ಬಿಚ್ಚುತ್ತಿರಲಿಲ್ಲ. ಬಿಚ್ಚಿದ ದಿನ ಅರಿವೆಯನ್ನೆಲ್ಲ ಬಿಸಿಲಿಗೆ ಹರವಿ, ಒಂದೊಂದನ್ನೂ ಕೈಯಲ್ಲಿ ಹಿಡಿದು ಬೆಳಕಿಗೆ ಎತ್ತಿ ನೋಡುವಳು. ಎಲ್ಲಿ ಸವೆದಿದೆ ಎಂದು ಹುಡುಕುವುದು ಆಕೆಯ ಮೊದಲ ಕೆಲಸ. ಈ ಮನುಷ್ಯ ಬಲಗಡೆ ಹೆಗಲಿನ ಮೇಲೆ ಚೀಲ ಹೊತ್ತವನು, ಈ ಹೆಂಗಸು ಎಡಗಡೆ ಸೊಂಟದ ಮೇಲೆ ಕೂಸು ಎತ್ತಿದವಳು, ಹೀಗೆ ತಾನು ಕಂಡೇ ಇರದವರನ್ನು ಕಂಡವಳ ಹಾಗೆ ಹೇಳುತ್ತಿದ್ದಳು.

ನಾಲ್ಕೂ ಅಂಚಿನಿಂದ ಹೊಲಿಯುತ್ತ ಸುತ್ತುಸುತ್ತಾಗಿ ಒಳಗೆ ಬರುವುದು. ನಟ್ಟ ನಡುವಿನ ಗೇಣಗಲ ಜಾಗಕ್ಕೆ ಆಕೆ ಕೌದಿಯ ಹೊಟ್ಟೆ ಎನ್ನುತ್ತಿದ್ದಳು. ಅಲ್ಲಿಗೆ ಯಾವ ತುಂಡು ಹಚ್ಚಬೇಕೆಂದು ಮನೆಯವರನ್ನೇ ಕೇಳುವಳು. ಹೊಸದು, ಜರಿಯದು ತಂದರೆ ಒಪ್ಪುತ್ತಿರಲಿಲ್ಲ. ತೀರಿಕೊಂಡವರು ದಿನಾ ಮುಟ್ಟಿದ್ದು, ದಿನಾ ಉಟ್ಟಿದ್ದು ಬೇಕು. ಒಂದು ಪದ್ಧತಿ ಮಾತ್ರ ಬಹಳ ಕಟ್ಟುನಿಟ್ಟು. ಸಣ್ಣ ಮಕ್ಕಳ ಅರಿವೆ ಮುಟ್ಟುತ್ತಿರಲಿಲ್ಲ. ಒಮ್ಮೆ ಗಂಡಹೆಂಡತಿ ಇಬ್ಬರು ಹೋದ ಕೂಸಿನ ಅಂಗಿ, ಕುಲಾವಿ ತಂದು ಕಟ್ಟೆಯ ಮೇಲಿಟ್ಟು ಅತ್ತರು. ಆಯಿ ಅವರಿಗೆ ಚಹಾ ಕುಡಿಸಿ, ಆ ಹೆಂಗಸಿನ ಬೆನ್ನ ಮೇಲೆ ಬಹಳ ಹೊತ್ತು ಕೈಯಾಡಿಸಿ, ಗಂಟನ್ನು ತಿರುಗಿ ಅವಳ ಉಡಿಗೆ ಹಾಕಿ ಕಳಿಸಿದಳು. ನನಗೆ ಅದು ಸರಿ ಕಾಣಲಿಲ್ಲ, ಮುಖದ ಮೇಲೇ ಹೇಳಿದೆ. ಆಕೆ ಸೂಜಿಗೆ ದಾರ ಪೋಣಿಸುತ್ತ, ನನಗೆ ಅದು ಬರೂದಿಲ್ಲ ಎಂದಳು, ಅಷ್ಟೇ.

ನನ್ನ ತಾಯಿಗೂ ಆಕೆಗೂ ಬಹಳ ಸಲುಗೆ. ಇಬ್ಬರೂ ಮಧ್ಯಾಹ್ನ ಆ ಕಟ್ಟೆಯ ಮೇಲೆ ಕುಳಿತು ನನ್ನ ಸಿಟ್ಟನ್ನೇ ಆಡಿಕೊಂಡು ನಗುತ್ತಿದ್ದರು. ತಾಯಿ ತೀರಿಕೊಂಡ ವರ್ಷ ಬೈಲಹೊಂಗಲದಿಂದ ನನ್ನ ತಂಗಿ ಬಂದು, ಅವ್ವನ ಐದೂ ನೂಲಿನ ಸೀರೆಗಳನ್ನು ತಾನೇ ಮಡಿಸಿ ಗಂಟು ಕಟ್ಟಿ ಆಯಿಯ ಕೈಗೆ ಕೊಟ್ಟಳು. ಕೌದಿ ನನಗೇ ಬೇಕು, ಅಣ್ಣನಿಗಲ್ಲ ಎಂದು ನನ್ನೆದುರಿಗೇ ಹೇಳಿದಳು. ಆಯಿ ಗಂಟು ಬಿಚ್ಚದೆ, ಹೊರಗೆ ಇಣುಕಿದ್ದ ಸೆರಗೊಂದನ್ನು ಬೆರಳಲ್ಲಿ ಉಜ್ಜಿ ನೋಡಿದಳು.

"ನಿಮ್ಮವ್ವ ಇಕ್ಕಳಾ ಹಿಡೀಲೇ ಇಲ್ಲ ನೋಡ್ರಿ ಮಾಸ್ತರ. ಬಿಸಿ ಗಡಗಿ ಎಲ್ಲಾ ಈ ಸೆರಗಿನ್ಯಾಗ ಇಳಿಸ್ಯಾಳ."

ನಾನೂ ತಂಗಿಯೂ ಅಂದು ಕಟ್ಟೆಯ ಮೇಲೆ ಕುಳಿತು ಅತ್ತೆವು. ತಾಯಿ ಸತ್ತ ದಿನವೂ ನಾನು ಹಾಗೆ ಅತ್ತಿರಲಿಲ್ಲ.

ಇನ್ನು ಹೊಳೆಯ ಮಾತು. ದೊಡ್ಡ ನೆರೆ ಬರುವ ಹಿಂದಿನ ವರ್ಷ ಒಂದು ಸಲ ಮೈಕಿನ ಗಾಡಿ ಬಂದಾಗ ನಾನು ಓಣಿ ತುಂಬ ಓಡಾಡಿ, ಬೈದು, ಬೇಡಿಕೊಂಡು ಎಲ್ಲರನ್ನೂ ಎಬ್ಬಿಸಿದ್ದೆ. ಆಯಿ ಏಳಲಿಲ್ಲ. ಎರಡು ದಿನ ಎತ್ತರದ ಮೇಲಿನ ನಮ್ಮ ಸಾಲೆಯಲ್ಲಿ ಮಂದಿ ಒಬ್ಬರ ಕಾಲ ಮೇಲೆ ಒಬ್ಬರು ಮಲಗಿದರು. ನೀರು ಬರಲಿಲ್ಲ. ತಿರುಗಿ ಬಂದು ನೋಡಿದರೆ ಯಾರದೋ ಆಡಿನ ಮರಿ ಕಳುವಾಗಿತ್ತು, ಇನ್ಯಾರದೋ ತೊಟ್ಟಿಲ ಸರಪಳಿ. ಆಯಿ ಕಟ್ಟೆಯ ಮೇಲೆ ಕುಳಿತು ಹೊಲಿಯುತ್ತಿದ್ದಳು. ಅಂದಿನಿಂದ ಬಾರದ ನೀರಿಗೆ 'ಮಾಸ್ತರ್ರ ಹೊಳಿ' ಎಂಬ ಹೆಸರು ಬಿತ್ತು. ಸಾಲೆಯ ಹುಡುಗರು ಕೂಡ ನಾನು ಬೆನ್ನು ತಿರುಗಿಸಿದಾಗ ಅನ್ನುತ್ತಿದ್ದರು. ಆಕೆಯ ಸೂಜಿಗೆ ಮಾನ ಹೆಚ್ಚಿತು, ನನ್ನ ಮಾತಿಗೆ ಮಣ್ಣು ಬಿತ್ತು.

ಮರುವರ್ಷ ಆ ನೆರೆ ಬಂತು. ನಾಲ್ಕು ದಿನ ಬಿಡದೆ ಮಳೆ. ಐದನೆಯ ದಿನ ಬೆಳಿಗ್ಗೆ ಮೈಕಿನ ಗಾಡಿ ಬಂದು, ಗೇಟು ಎತ್ತಿದ್ದಾರೆ, ಮಧ್ಯಾಹ್ನದೊಳಗೆ ಇನ್ನೂ ಎತ್ತುತ್ತಾರೆ, ತಗ್ಗಿನವರು ಸಾಲೆಗೆ ಹೋಗಬೇಕು ಎಂದು ಕೂಗಿ ಹೋಯಿತು. ಸಾಲೆಯಲ್ಲಿ ಜನರನ್ನು ಇಳಿಸಿಕೊಳ್ಳುವ ಕೆಲಸ ನನಗೇ ಬಂದಿತ್ತು. ಓಣಿಗೆ ಬಂದು ನೋಡಿದರೆ ಒಬ್ಬರೂ ಕದಲಿಲ್ಲ. ಎದುರಿನ ಕಿರಾಣಿ ಅಂಗಡಿಯವ ಬಾಗಿಲಲ್ಲಿ ನಿಂತು, ಮಾಸ್ತರ್ರ ಈ ಸಲ ನಿಮ್ಮ ಹೊಳಿ ಎಷ್ಟಕ್ಕ ಬರತೈತ್ರಿ ಎಂದು ಕೇಳಿದ. ಅವನ ಕಣ್ಣು ನನ್ನ ಮೇಲಿರಲಿಲ್ಲ, ನನ್ನ ಹಿಂದಿನ ಕಟ್ಟೆಯ ಮೇಲಿತ್ತು. ಆಯಿ ಹೊಲಿಯುತ್ತಿದ್ದಳು.

ನಾನು ಆಕೆಯ ಮುಂದೆ ಕುಕ್ಕರಗಾಲಲ್ಲಿ ಕುಳಿತು, ಎಂದೂ ಬೇಡದವನು ಬೇಡಿಕೊಂಡೆ. ಈ ಸಲದ ನೀರು ಸುಳ್ಳಲ್ಲ, ನೀವು ಎದ್ದರೆ ಓಣಿ ಏಳುತ್ತದೆ, ನೀವು ಕುಳಿತರೆ ಮಕ್ಕಳುಮರಿ ಎಲ್ಲ ನಿಮ್ಮ ಜೊತೆ ಮುಳುಗುತ್ತವೆ ಎಂದೆ. ಆಕೆ ತಲೆ ಎತ್ತಲಿಲ್ಲ.

"ಸುಳ್ಳಂತ ನಾ ಎಲ್ಲಿ ಅಂದೇನ್ರಿ? ಹಿತ್ತಲದಾಗ ನೀರಿನ ಸಪ್ಪಳಾ ಬದಲಾಗೇತಿ, ನಸಿಕಿನ್ಯಾಗ ಕೇಳೇನಿ."

"ಮತ್ತ ಯಾಕ ಕುಂತೀರಿ?"

ಆಕೆ ಗದ್ದ ಎತ್ತಿ ಒಳಗೆ ತೋರಿಸಿದಳು.

"ಈ ಕೌದೀದೂ ಹಿಡದು ಹನ್ನೆರಡು ಗಂಟು ಅದಾವ. ನನ್ನವು ಆಗಿದ್ರ ಆಗಲೇ ಏಳತಿದ್ದೆ. ಮಂದಿ ತಮ್ಮ ಅವ್ವ ಅಪ್ಪನ್ನ ತಂದು ನನ್ನ ಕೈಯಾಗ ಕೊಟ್ಟಾರ. ಬಿಟ್ಟು ಹೆಂಗ ಹೋಗ್ಲಿ?"

ನನಗೆ ಸಿಟ್ಟಿನ ಜೊತೆಗೆ ಒಂದು ಸಮಾಧಾನವೂ ಆಯಿತು. ಇಷ್ಟೇ ತಾನೆ, ಗಂಟು ಸಾಗಿಸಿದರೆ ಆಕೆ ಬರುತ್ತಾಳೆ, ಆಕೆ ಬಂದರೆ ಎಲ್ಲರೂ ಬರುತ್ತಾರೆ. ಸುಳ್ಳೇಕೆ ಹೇಳಲಿ, ಆ ಹನ್ನೆರಡರಲ್ಲಿ ನನ್ನ ಅವ್ವನದೂ ಒಂದು ಎಂಬುದೂ ಮನಸ್ಸಿನಲ್ಲಿತ್ತು. ಓಡಿಹೋಗಿ ಮೇಲಿನ ಓಣಿಯಿಂದ ಒಂದು ಟ್ರ್ಯಾಕ್ಟರ್ ಮಾತಾಡಿಕೊಂಡು ಬಂದೆ. ಅದರ ಹಿಂದಿನ ಡಬ್ಬಿಯನ್ನು ಆಯಿಯ ಕಟ್ಟೆಗೆ ಹಚ್ಚಿ ನಿಲ್ಲಿಸಿ, ನಾನೇ ಒಳಗೆ ಹೋಗಿ ಗಂಟುಗಳನ್ನು ಒಂದೊಂದಾಗಿ ತಂದು ಹೇರತೊಡಗಿದೆ. ಎಷ್ಟು ಚೊಲೊ ಕೆಲಸ ಮಾಡುತ್ತಿದ್ದೇನೆಂದು ನನಗೆ ನನ್ನ ಮೇಲೇ ಅಭಿಮಾನ.

ಆರು ಗಂಟು ಏರಿದ್ದವು. ಆಯಿ ಗಂಟು ಹೇರ್ಯಾಳಂತ ಎಂಬ ಸುದ್ದಿ ಓಣಿಯ ಆ ತುದಿ ಮುಟ್ಟಿತು. ಮಂದಿ ಎದ್ದರು. ಎದ್ದವರು ಸಾಲೆಯ ಕಡೆ ಹೋಗಲಿಲ್ಲ, ಎಲ್ಲರೂ ಒಳಗೆ ಹೋದರು. ಆಯಿಯೇ ಗಂಟು ಹೇರಿದ ಮೇಲೆ ತಾವು ಬಿಡುವುದು ಹೇಗೆ? ಜೋಳದ ಚೀಲ ಹೊರಗೆ ಬಂದವು, ಹಾಸಿಗೆ ಬಂದವು, ಟೀವಿ ಬಂತು, ಹೊಲಿಗೆಯ ಮಷೀನು ಬಂತು. ಒಬ್ಬ ಪುಣ್ಯಾತ್ಮ ತಲೆಬಾಗಿಲಿನ ಕದವನ್ನೇ ಕಳಚತೊಡಗಿದ. ಕಿರಾಣಿಯವ ಅಂಗಡಿಯ ಎಣ್ಣೆ ಡಬ್ಬಗಳನ್ನು ಸಾಲಾಗಿ ಬೀದಿಯಲ್ಲಿ ಜೋಡಿಸಿ, ಮೊದಲು ನನ್ನವು ಎಂದು ಟ್ರ್ಯಾಕ್ಟರಿಗೆ ಅಡ್ಡ ನಿಂತ. ಕೊನೆಯ ಮನೆಯಲ್ಲಿ ಲಕ್ವಾ ಹೊಡೆದು ಹಾಸಿಗೆ ಹಿಡಿದ ಮುದುಕನಿದ್ದ. ಅವನ ಮಕ್ಕಳು ಮೊದಲು ಟ್ರಂಕು ಹೊರಗೆ ತಂದರು. ಅರ್ಧ ತಾಸು ಹೀಗೆ ಹೋಯಿತು. ಅಷ್ಟರಲ್ಲಿ ಓಣಿಯ ತುದಿಯ ಗಟಾರ ಹಿಂದಕ್ಕೆ ಹರಿಯತೊಡಗಿತು, ಕೆಂಪು ನೀರು ಮೊದಲ ಮನೆಯ ಮೆಟ್ಟಿಲು ನೆಕ್ಕಿತು. ಟ್ರ್ಯಾಕ್ಟರಿನವ ಇಳಿದು ಬಂದು, ಸಾಲೀ ಹಾದ್ಯಾಗಿನ ಹಳ್ಳದ ಸೇತುವೆ ಇನ್ನು ಒಂದು ಖೇಪಿಗೆ ಮಾತ್ರ ಉಳಿದೈತಿ, ಮಂದೀನ ಹೇರಲ್ಯೋ ಸಾಮಾನ ಹೇರಲ್ಯೋ ಒಂದು ಹೇಳ್ರಿ ಎಂದ. ಯಾರಿಗೆ ಹೇಳಿದರೂ ಯಾರೂ ಕೇಳುವ ಸ್ಥಿತಿಯಲ್ಲಿರಲಿಲ್ಲ.

ಆಯಿ ಕಟ್ಟೆ ಇಳಿದು ಬಂದಳು. ಓಣಿಯ ಆ ತುದಿಯಿಂದ ಈ ತುದಿಯವರೆಗೆ ಒಮ್ಮೆ ನೋಡಿದಳು. ಆಮೇಲೆ ನನ್ನ ಕಡೆ ತಿರುಗಿ, ಇಳಿಸ್ರಿ ಎಂದಳು. ನನಗೆ ತಿಳಿಯಲಿಲ್ಲ. ಆಕೆಯೇ ಡಬ್ಬಿಗೆ ಕೈ ಹಾಕಿ ಒಂದು ಗಂಟು ಎಳೆದಳು. ನಾನು, ಟ್ರ್ಯಾಕ್ಟರಿನವ, ಇಬ್ಬರೂ ಕೂಡಿ ಆರೂ ಗಂಟನ್ನು ಇಳಿಸಿ ತಿರುಗಿ ಪಡಸಾಲೆಯಲ್ಲಿಟ್ಟೆವು. ಅವ್ವನ ಸೀರೆಯ ಗಂಟು ನನ್ನ ಕೈಯಲ್ಲೇ ಇತ್ತು. ತಂಗಿ ಹಾಕಿದ ಎರಡೆಳೆಯ ಗಂಟು, ಗುರುತು ಸಿಕ್ಕಿತು. ಒಂದು ಗಳಿಗೆ ಹಾಗೆಯೇ ನಿಂತೆ. ಆಯಿ ನೋಡಿದಳು. ಇಟ್ಟೆ.

ಆಕೆಯ ಸೊಸೆ ಬಾಗಿಲಲ್ಲಿ ನಿಂತಿದ್ದಳು. ಅವಳ ಬಗಲಲ್ಲಿ ಹಸಿರು ಬಟ್ಟೆಯ ಸಣ್ಣದೊಂದು ಗಂಟು. ಅದು ಹದಿಮೂರನೆಯದು. ನಾನು ಅದನ್ನು ವರ್ಷಗಟ್ಟಲೆ ಆಕೆಯ ಹಿಂದಿನ ಗೋಡೆಯ ಮಾಡದಲ್ಲಿ ನೋಡಿದ್ದೆ, ಯಾರದೆಂದು ಕೇಳಿದರೆ ಅದರ ಪಾಳಿ ಬಂದಿಲ್ಲ ಎನ್ನುತ್ತಿದ್ದಳು. ಆಯಿ ಸೊಸೆಯ ಕೈ ಬಿಡಿಸಿ ಅದನ್ನು ತೆಗೆದುಕೊಂಡು, ಒಳಗೆ ಹೋಗಿ ಮಾಡದಲ್ಲಿಟ್ಟು ಬಂದಳು. ಆಮೇಲೆ ಕಟ್ಟೆಯ ಮೇಲಿನ ಅರ್ಧ ಹೊಲಿದ ಕೌದಿಯಿಂದ ಸೂಜಿ ಕಿತ್ತು, ದಾರದ ಉಂಡೆಗೆ ಚುಚ್ಚಿ, ಉಂಡೆಯನ್ನು ಕೌದಿಯ ಮೇಲಿಟ್ಟಳು. ಓಣಿಯೆಲ್ಲ ಅದನ್ನು ನೋಡಿತು.

"ಮಾಸ್ತರ, ಮುಂದ ನಡಿಯಾವರ ಕೈಯಾಗ ಗಂಟು ಇರಬಾರದ್ರಿ. ಅದನ್ನ ಕಂಡ ಮಂದಿ ತಮ್ಮ ಗಂಟು ಹುಡಕಾಕ ಹೊಳ್ಳಿ ಹೋಗತಾರ."

ಇಷ್ಟು ಹೇಳಿ ಸೆರಗು ತಲೆಯ ಮೇಲೆ ಎಳೆದುಕೊಂಡು, ಎರಡೂ ಕೈ ಬೀಸುತ್ತ ಸಾಲೆಯ ಕಡೆ ನಡೆದಳು. ಟ್ರ್ಯಾಕ್ಟರು ಹತ್ತಲಿಲ್ಲ. ಕಿರಾಣಿಯವನ ಎಣ್ಣೆ ಡಬ್ಬಗಳ ನಡುವೆ ಕಾಲಿಟ್ಟು ದಾಟಿ ಹೋಗುವಾಗ ಅವನ ಮುಖ ಕೂಡ ನೋಡಲಿಲ್ಲ. ಅವನು ಕೈಯಲ್ಲಿದ್ದ ಡಬ್ಬ ಕೆಳಗಿಟ್ಟು, ಹೆಂಡತಿಯನ್ನು ಕರೆದು, ಮಕ್ಕಳನ್ನು ಎತ್ತಿಕೊಂಡು ಹಿಂದೆ ಹೊರಟ. ಅವನ ಹಿಂದೆ ಮತ್ತೊಬ್ಬರು. ಕದ ಕಳಚುತ್ತಿದ್ದವನು ಅರ್ಧ ಕಳಚಿದ ಕದ ಅಲ್ಲಿಯೇ ಬಿಟ್ಟ. ಟ್ರ್ಯಾಕ್ಟರಿನಲ್ಲಿ ಲಕ್ವಾದ ಮುದುಕ, ಇಬ್ಬರು ಬಾಣಂತಿಯರು, ಓಣಿಯ ಸಣ್ಣ ಮಕ್ಕಳು. ಊಟದ ಹೊತ್ತಿಗೆ ಆಯಿಯ ಕಟ್ಟೆ ಕಾಣುತ್ತಿರಲಿಲ್ಲ. ನಮ್ಮ ಓಣಿಯಲ್ಲಿ ಒಂದು ಜೀವವೂ ಹೋಗಲಿಲ್ಲ.

ಸಾಲೆಯಲ್ಲಿದ್ದ ಏಳು ದಿನ ಆಕೆ ಗೋಡೆಗೆ ಒರಗಿ ಕುಳಿತೇ ಇದ್ದಳು. ಕೈ ಸುಮ್ಮನಿರಲಿಲ್ಲ, ಸೆರಗಿನ ಅಂಚನ್ನು ಬೆರಳಿನಿಂದ ಹೊಲಿಯುವವಳ ಹಾಗೆ ತಿರುಗಿಸುತ್ತಿದ್ದಳು. ಮಂದಿ ಬಂದು ಕಾಲು ಮುಟ್ಟಿದರೆ ಸಿಟ್ಟಿಗೆ ಬರುತ್ತಿದ್ದಳು.

ನೀರಿಳಿದ ಮೇಲೆ ಹೋಗಿ ನೋಡಿದರೆ ಆಕೆಯ ಮನೆಯ ಹಿಂದಿನ ಮಣ್ಣಿನ ಗೋಡೆ ಒಳಕ್ಕೆ ಬಿದ್ದಿತ್ತು. ಮಾಡ ಇದ್ದದ್ದು ಆ ಗೋಡೆಯಲ್ಲೇ. ಮಣ್ಣು ತೆಗೆದು ಗಂಟುಗಳನ್ನು ಹೊರಗೆಳೆದರೆ ಕಪ್ಪಾಗಿ ಕೊಳೆತು, ಹಿಡಿದಲ್ಲಿ ಹರಿಯುತ್ತಿದ್ದವು. ಆಕೆ ಮೂರು ದಿನ ನಳದ ಕೆಳಗೆ ಕುಳಿತು ಒಗೆದಳು. ಸವೆದ ಹಳೆಯ ನೂಲು, ಎಷ್ಟೆಂದು ತಡೆದೀತು? ನಾಲ್ಕನೆಯ ದಿನ ನಮ್ಮ ಬಾಗಿಲಿಗೆ ಬಂದು, ಹನ್ನೆರಡು ಮನೆಗೂ ಹೋಗಿ ಹೇಳಬೇಕು, ರವಿವಾರ ನೀವು ಜೋಡಿ ಬರತೀರೇನು ಎಂದು ಕೇಳಿದಳು. ಫೋನ್ ಮಾಡಿ ಕೊಡುತ್ತೇನೆ, ಇಷ್ಟು ದೊಡ್ಡ ನೆರೆ ಬಂದದ್ದು ಎಲ್ಲರಿಗೂ ಗೊತ್ತಿದೆ, ಯಾರೂ ಏನೂ ಅನ್ನುವುದಿಲ್ಲ ಎಂದೆ. ಆಕೆ ಒಪ್ಪಲಿಲ್ಲ. ಅವರು ತಂದು ಕೈಯಲ್ಲಿ ಕೊಟ್ಟಿದ್ದಾರೆ, ಕೈ ತೋರಿಸಿಯೇ ಹೇಳಬೇಕು ಎಂದಳು.

ಹಾಗೆ ಆ ಮಳೆಗಾಲದ ಕೊನೆಗೆ ನಾನು ರವಿವಾರಕ್ಕೊಮ್ಮೆ ಆಕೆಯ ಹಿಂದೆ ಬಸ್ಸು ಹತ್ತಿದೆ. ಪ್ರತಿಯೊಂದು ಮನೆಯಲ್ಲೂ ಆಕೆ ಒಳಗೆ ಕುಳಿತುಕೊಳ್ಳುವ ಮೊದಲೇ, ನಿಮ್ಮ ಗಂಟು ನನ್ನ ಕೈಯಿಂದ ಹೋತ್ರಿ, ನಾನೇ ಬಿಟ್ಟು ಬಂದೆ ಎಂದು ಹೇಳುತ್ತಿದ್ದಳು. ನೆರೆ ಒಯ್ದಿತು ಎಂದು ಒಂದು ಕಡೆಯೂ ಹೇಳಲಿಲ್ಲ. ಮುರಗೋಡದ ಮುದುಕರೊಬ್ಬರು ಹೆಂಡತಿಯ ಸೀರೆ ಕೊಟ್ಟಿದ್ದವರು, ನೀವು ಉಳಿದ್ರಲ್ಲ, ಉಂಡು ಹೋಗ್ರಿ ಎಂದರು. ಸವದತ್ತಿಯ ಹೆಣ್ಣುಮಗಳೊಬ್ಬಳು ಬೀದಿಯ ನಾಲ್ಕು ಮಂದಿ ಕೇಳುವ ಹಾಗೆ ಬೈದಳು. ಹನ್ನೆರಡು ಗಂಟು ಹೇರಲು ಎಷ್ಟು ಹೊತ್ತು ಬೇಕಿತ್ತು, ನಿಮ್ಮದಾಗಿದ್ರ ಬಿಡತಿದ್ರೇನು ಎಂದು ಕೇಳಿದಳು. ಆಯಿ ತಲೆ ಬಗ್ಗಿಸಿ ಪೂರ್ತಿ ಬೈಸಿಕೊಂಡಳು. ರಾಮದುರ್ಗದ ಮನೆಯಲ್ಲಿ ಹೊಳೆ ಅವರ ಒಳಗೂ ಬಂದು ಹೋಗಿತ್ತು, ಗೋಡೆಯ ಮೇಲೆ ಎದೆಮಟ್ಟ ಕೆಸರಿನ ಗೆರೆ. ಆ ಮನೆಯ ಹೆಂಗಸು ಆಯಿಯ ಕೈ ಹಿಡಿದು ಗೆರೆ ತೋರಿಸಿದಳು, ಇಬ್ಬರೂ ಅದನ್ನೇ ನೋಡುತ್ತ ಕುಳಿತರು.

ಎಲ್ಲ ಮುಗಿದು ಏಳುವಾಗ ಒಂದು ಪ್ರಶ್ನೆ ಕೇಳುತ್ತಿದ್ದಳು. ಅವರು ದಿನಾ ಮುಟ್ಟಿದ್ದು ಏನಾದರೂ ಮನೆಯಲ್ಲಿ ಉಳಿದಿದೆಯೇ? ಒಂದು ಕರವಸ್ತ್ರ, ಒಂದು ಟೊಪ್ಪಿಗೆ, ಎಲೆ ಅಡಿಕೆಯ ಚಂಚಿ, ಏನಾದರೂ? ಬೇರೆ ಅರಿವೆ ನಾನು ಕೂಡಿಸುತ್ತೇನೆ, ಹೊಟ್ಟೆಗೆ ಅಷ್ಟು ಸಾಕು. ಬೈದ ಸವದತ್ತಿಯವಳೂ ಒಳಗೆ ಹೋಗಿ ಅತ್ತೆಯ ಚಂಚಿ ತಂದು ಕೊಟ್ಟಳು.

ಕೊನೆಯ ಮನೆ ಬೈಲಹೊಂಗಲದಲ್ಲಿ ನನ್ನ ತಂಗಿಯದು. ಬೇಕೆಂದೇ ನಾನು ಅದನ್ನು ಮುಂದೆ ಮುಂದೆ ಹಾಕಿದ್ದೆ. ಆಯಿ ಎಂದಿನ ಹಾಗೆ ನಿಂತುಕೊಂಡೇ ಹೇಳಿದಳು. ತಂಗಿ ಅಳಲಿಲ್ಲ, ಬೈಯಲಿಲ್ಲ.

"ಒಂದು ಗಂಟು ಎತ್ತಾಕ ಆಗಲಿಲ್ಲೇನ್ರಿ ಆಯಿ? ನಮ್ಮವ್ವ ನಿಮ್ಮ ಗೆಳತಿ ಆಗಿದ್ಲು."

ಆಗ ನಾನು ಬಾಯಿ ಬಿಡಬೇಕಿತ್ತು. ಆ ಗಂಟನ್ನು ಕೆಳಗಿಟ್ಟದ್ದು ನನ್ನ ಕೈ, ಟ್ರ್ಯಾಕ್ಟರ್ ತಂದು ಓಣಿಯನ್ನೆಲ್ಲ ಸಾಮಾನಿಗೆ ಹಚ್ಚಿದ್ದೂ ನಾನೇ, ನಾನು ಆ ಶಾಣ್ಯಾತನ ಮಾಡದೆ ಇದ್ದಿದ್ದರೆ ಹೊತ್ತು ಇರುತ್ತಿತ್ತೇನೋ ಎಂದು ಹೇಳಬೇಕಿತ್ತು. ಹೇಳಲಿಲ್ಲ. ಚಹಾದ ಬಟ್ಟಲು ನೋಡುತ್ತ ಕುಳಿತೆ. ಆಯಿ ನನ್ನ ಕಡೆ ತಿರುಗಲೂ ಇಲ್ಲ. ಆಗಲಿಲ್ಲವ್ವಾ ಎಂದಷ್ಟೇ ಹೇಳಿ ತನ್ನ ಪ್ರಶ್ನೆ ಕೇಳಿದಳು. ತಂಗಿ ಅಡುಗೆ ಮನೆಗೆ ಹೋಗಿ, ರೊಟ್ಟಿ ಬುಟ್ಟಿಯಿಂದ ಅವ್ವ ಕೊಟ್ಟಿದ್ದ ರೊಟ್ಟಿ ಅರಿವೆ ತೆಗೆದು, ಝಾಡಿಸಿ, ಮಡಿಸಿ ತಂದುಕೊಟ್ಟಳು. ಜೋಳದ ಹಿಟ್ಟಿನ ವಾಸನೆ ಅದರಲ್ಲಿತ್ತು.

ತಿರುಗಿ ಬರುವಾಗ ಬಸ್ಸಿನಲ್ಲಿ, ನಾ ಹೇಳಬೇಕಾಗಿತ್ರಿ ಆಯಿ ಎಂದೆ. ಆಕೆ ಕಿಟಕಿಯ ಹೊರಗೆ ನೋಡುತ್ತಿದ್ದಳು.

"ತಂಗಿ ಜೋಡಿ ನೀವು ಜೀವ ಇರೂತನಕ ಮಾತಾಡಬೇಕ್ರಿ. ನಾ ಒಂದ ದಿನಾ ಬಂದು ಹೋಗಾಕಿ. ಇರ್ಲಿ ಬಿಡ್ರಿ."

ಎರಡು ವರ್ಷದಲ್ಲಿ ಹನ್ನೆರಡೂ ಕೌದಿ ಹೊಲಿದು ಮುಗಿಸಿದಳು. ನಮ್ಮದು ಕೊನೆಯದು. ನಡುವೆ ಅವ್ವನ ರೊಟ್ಟಿ ಅರಿವೆ, ಸುತ್ತ ಆಕೆಯ ಸ್ವಂತ ಸೀರೆಗಳ ತುಂಡು. ತಂಗಿ ಅದನ್ನು ಒಂದು ಚಳಿಗಾಲ ಹೊದ್ದು, ಮರುವರ್ಷ ತಾನಾಗಿಯೇ ತಂದು ನನಗೆ ಕೊಟ್ಟಳು. ಅಷ್ಟು ಹೊತ್ತಿಗೆ ನಾನು ಅವಳಿಗೆ ನಡೆದದ್ದನ್ನು ಹೇಳಿದ್ದೆ. ಹೇಳಿದಾಗ ನಾಲ್ಕು ತಿಂಗಳು ಮಾತು ಬಿಟ್ಟಿದ್ದಳು. ಆಯಿ ಹೇಳಿದ್ದು ಸುಳ್ಳಾಗಿರಲಿಲ್ಲ.

ಈ ವರ್ಷ ಬೇಸಿಗೆಯ ಮೊದಲಿಗೆ ಆಕೆ ಹೋದಳು. ನಲವತ್ತನೆಯ ದಿನದ ಫಾತಿಹಾಕ್ಕೆ ಓಣಿಯವರೆಲ್ಲ ಹೋಗಿದ್ದೆವು. ಊಟವಾದ ಮೇಲೆ ಸೊಸೆ, ಆಯಿಯ ಸೂಜಿಯ ಡಬ್ಬಿ ತಂದು ತೋರಿಸುತ್ತಿದ್ದಳು. ನನಗೆ ಆ ಹಸಿರು ಗಂಟಿನ ನೆನಪಾಯಿತು. ಹನ್ನೆರಡು ಮನೆಗೆ ಹೋದೆವು, ಆ ಹದಿಮೂರನೆಯದು ಯಾರ ಮನೆಯದು, ಅವರಿಗೆ ಹೇಳುವುದು ಉಳಿದುಹೋಯಿತಲ್ಲ ಎಂದೆ.

"ಅದು ಮಂದೀದಲ್ರಿ ಮಾಸ್ತರ್ರ," ಎಂದಳು ಸೊಸೆ. "ನಮ್ಮ ಅತ್ತೀದ. ನಮ್ಮ ಮನಿಯವರಕಿಂತ ದೊಡ್ಡಾಕಿ ಒಬ್ಬಾಕಿ ಇದ್ಲಂತ, ಏಳು ವರ್ಷದಾಕಿ. ಜ್ವರಾ ಬಂದು ಹೋದ್ಲು. ಆಕಿವು ಎರಡು ಲಂಗ, ಒಂದು ಅಂಗಿ. ಒಂದ ಕೈಯಾಗ ಬರತೈತಿ, ನಾ ಒಯ್ಯತೇನಿ ಅಂದೆ ಆ ದಿನಾ. ಕೇಳಲಿಲ್ರಿ. ಮಂದೀವು ಬಿಟ್ಟು ನಮ್ದೊಂದ ಹೆಂಗ ಒಯ್ಯೂದು ಅಂದ್ರು."

ನಾನು ಆ ಮನೆಯ ಪಕ್ಕದಲ್ಲಿ ಹದಿನೆಂಟು ವರ್ಷ ಇದ್ದವನು. ಹೆಣ್ಣುಮಗಳೊಬ್ಬಳು ಇದ್ದಳೆಂದು ಯಾರೂ ನನಗೆ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ನಿಮ್ಮದಾಗಿದ್ದರೆ ಬಿಡುತ್ತಿದ್ದಿರೇನು ಎಂದು ಸವದತ್ತಿಯವಳು ಬೀದಿಯಲ್ಲಿ ಕೇಳಿದಾಗ ಆಯಿ ತಲೆ ಬಗ್ಗಿಸಿ ನಿಂತಿದ್ದಳು. ಹನ್ನೆರಡು ಬಾಗಿಲಿಗೆ ಹೋಗಿ ಕೈ ಮುಗಿದಳು. ಆಕೆಯ ಬಾಗಿಲಿಗೆ ಬಂದು, ನಿಮ್ಮ ಗಂಟೂ ಹೋಯಿತಲ್ಲ ಎನ್ನುವವರು ಒಬ್ಬರೂ ಇರಲಿಲ್ಲ. ಅಂದು ಊಟ ಮಾಡಿದ ಕೈ ತೊಳೆಯದೆ ಮನೆಗೆ ಬಂದು, ಹಿತ್ತಲಲ್ಲಿ ಒಬ್ಬನೇ ಕುಳಿತು ಅತ್ತೆ.

ಇದು ನಡೆದು ಮೂರು ತಿಂಗಳಿಗೆ ಮತ್ತೆ ಮಳೆ ಹಿಡಿಯಿತು. ಮೊನ್ನೆ ಮಂಗಳವಾರ ಬೆಳಿಗ್ಗೆ ಮೈಕಿನ ಗಾಡಿ ಬಂತು. ಹೊರಗೆ ಬಂದು ನೋಡಿದೆ. ಮಂದಿ ತಮ್ಮ ತಮ್ಮ ಬಾಗಿಲಲ್ಲಿ ನಿಂತು, ಅಭ್ಯಾಸಬಲದಿಂದ ಆಯಿಯ ಕಟ್ಟೆ ನೋಡುತ್ತಿದ್ದರು. ಕಟ್ಟೆ ಖಾಲಿ. ಆಮೇಲೆ ಒಬ್ಬೊಬ್ಬರಾಗಿ ನನ್ನ ಕಡೆ ತಿರುಗಿದರು. ಕಿರಾಣಿಯವನೂ ತಿರುಗಿದ, ಈ ಸಲ ಚೇಷ್ಟೆ ಮಾಡಲಿಲ್ಲ.

ಒಳಗೆ ಹೆಂಡತಿ ಕೌದಿ ಮಡಿಸಿ ಇಟ್ಟಿದ್ದಳು. ಬೇರೆ ಏನು ಹೋದರೂ ಹೋಗಲಿ, ಇದೊಂದು ಬೇಕು ಎಂದಳು. ನನಗೂ ಅದೇ ಅನ್ನಿಸಿತ್ತು. ಹೆಗಲಿಗೆ ಹಾಕಿಕೊಂಡೆ. ಅವ್ವನೂ ಆಯಿಯೂ ಇಬ್ಬರೂ ಅದರಲ್ಲಿದ್ದರು. ಹೊಸ್ತಿಲಿಗೆ ಬಂದೆ. ಓಣಿಯ ಕಣ್ಣೆಲ್ಲ ನನ್ನ ಹೆಗಲ ಮೇಲೆ ಬಿದ್ದವು. ಇನ್ನೊಂದು ಪಕ್ಕದ ಮನೆಯ ಹುಡುಗಿ ಒಳಗೆ ತಿರುಗಿ, ಅವ್ವಾ ಟ್ರಂಕ್ ತೆಗಿ ಎಂದು ಕೂಗಿದ್ದು ಕೇಳಿಸಿತು.

ನೀರು ಈ ಸಲ ಓಣಿಯ ತುದಿಗೆ ಬಂದು ನಿಂತು ತಿರುಗಿ ಹೋಯಿತು. ಮಾಸ್ತರ್ರ ಹೊಳಿ ಎಂದು ಮಂದಿ ಮತ್ತೆ ನಗುತ್ತಿದ್ದಾರೆ, ನಗಲಿ. ಆದರೆ ಆ ಹೊತ್ತಿಗೆ ಅದು ಯಾರಿಗೆ ಗೊತ್ತಿತ್ತು? ಹಿತ್ತಲಲ್ಲಿ ನೀರಿನ ಸಪ್ಪಳ ಬದಲಾಗಿತ್ತು, ನಾನೂ ಕೇಳಿದ್ದೆ.

ಟ್ರಂಕಿನ ಆ ಕೂಗು ಕೇಳಿ ತಿರುಗಿ ಒಳಗೆ ಹೋದೆ. ಕೌದಿಯನ್ನು ಮಂಚದ ಮೇಲೆ ಹಾಸಿ, ರೊಟ್ಟಿ ಅರಿವೆಯ ಮೇಲೆ ಒಮ್ಮೆ ಕೈಯಾಡಿಸಿದೆ. ಹೆಂಡತಿ ಕೈಯಲ್ಲಿದ್ದ ಚೀಲ ಇಟ್ಟು ಹೊರಗೆ ಬಂದಳು. ಬಾಗಿಲು ಎಳೆದುಕೊಂಡು ಚಿಲಕ ಹಾಕಿ, ಎರಡೂ ಕೈ ಬೀಸುತ್ತ ಸಾಲೆಯ ಕಡೆ ನಡೆದೆವು. ಹಿಂದೆ ತಿರುಗಿ ನೋಡುವ ಧೈರ್ಯ ನನಗಿರಲಿಲ್ಲ. ಆಯಿಯ ಕಟ್ಟೆ ದಾಟುವವರೆಗೆ ಏನೂ ಕೇಳಿಸಲಿಲ್ಲ. ದಾಟಿದ ಮೇಲೆ ಒಂದು ಚಿಲಕ ಬಿದ್ದ ಸಪ್ಪಳವಾಯಿತು. ಆಮೇಲೆ ಇನ್ನೊಂದು. ಆಮೇಲೆ ಓಣಿಯ ಉದ್ದಕ್ಕೂ.